ಚೆರ್ರಿ ಗಿಡಕ್ಕೊಂದು ಚಳಿಗಾಲ

ಅಬು ಹಮೂರ್, ದೋಹಾ
ಶನಿವಾರ, ೨೨ ಫೆಬ್ರವರಿ ೨೦೨೫

ಮಾನ್ಯ ಆಲ್ಬರ್ಟ್ ಅವರಿಗೆ,

‘ಪ್ರೀತಿಯ’ ಎಂದು ಬರೆಯಲು ಹೊರಟು ಕೈ ತಡೆದೆ. ಕಾರಣ ನಿಮಗೆ ಗೊತ್ತಿದೆ. ಗೇಟಿನ ಬಳಿ ನಾನು ನೆಟ್ಟು ಬೆಳೆಸಿದ ಮೂರು ಕರಂಡೆ ಪೊದೆಗಳನ್ನು ಜೆಸಿಬಿ ತರಿಸಿ ಹತ್ತೇ ನಿಮಿಷದಲ್ಲಿ ಕೀಳಿಸಿದ ಮನುಷ್ಯನಿಗೆ ‘ಮಾನ್ಯ’ ಎನ್ನುವುದೇ ಹೆಚ್ಚು. ನೀವು ಬಾಯಿ ಬಿಟ್ಟು ‘ತಪ್ಪಾಯಿತು’ ಎನ್ನುವ ತನಕ ನಿಮ್ಮೊಡನೆ ಫೋನಿನಲ್ಲಿ ಒಂದು ಮಾತೂ ಆಡುವುದಿಲ್ಲ ಎಂದು ಶಪಥ ಮಾಡಿ ಬಂದವಳು ನಾನು. ಆ ಶಪಥ ಈಗಲೂ ಚಾಲ್ತಿಯಲ್ಲಿದೆ. ಪತ್ರ ಎಂದರೆ ಮಾತಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮನೆಯಲ್ಲಿ ನಲವತ್ತು ವರ್ಷ ಕೊಂಕಣಿಯಲ್ಲೇ ಜಗಳವಾಡಿದವಳು ಕನ್ನಡದಲ್ಲಿ ಯಾಕೆ ಬರೆಯುತ್ತಾಳೆ ಎಂದು ಕೇಳಬೇಡಿ. ಶಿರ್ವದ ಹಾಲಿನ ಸಂಘದಲ್ಲಿ ಮೂವತ್ತೊಂದು ವರ್ಷ ಕಾರ್ಯದರ್ಶಿಯಾಗಿ ಕನ್ನಡದಲ್ಲೇ ಬರೆದು ಬರೆದು ಕೈಗೆ ಅದೇ ರೂಢಿಯಾಗಿದೆ. ಪೆನ್ನು ಹಿಡಿದರೆ ‘ತಮ್ಮ ಅವಗಾಹನೆಗೆ’ ಎಂದೇ ಶುರುವಾಗುತ್ತದೆ.

ತಮ್ಮ ಅವಗಾಹನೆಗೆ: ನಾನು ಇಲ್ಲಿ ಬಹಳ ಸುಖವಾಗಿದ್ದೇನೆ. ಮಗಳು ಟ್ರೀಸಾ, ಅಳಿಯ ಡ್ಯಾರೆಲ್ ಇಬ್ಬರೂ ನನ್ನನ್ನು ಕೈಯಲ್ಲಿ ಎತ್ತಿಕೊಂಡಂತೆ ನೋಡಿಕೊಳ್ಳುತ್ತಾರೆ. ಇವರದ್ದು ವಿಲ್ಲಾ. ವಿಲ್ಲಾ ಎಂದ ಕೂಡಲೇ ನೀವು ಸಂತೆಯಲ್ಲಿ ಹೇಳಿಕೊಂಡು ತಿರುಗಬೇಡಿ. ಒಂದು ದೊಡ್ಡ ಮನೆಗೆ ಅಲ್ಲಲ್ಲಿ ಗೋಡೆ ಹಾಕಿ ಐದು ಸಂಸಾರಗಳಿಗೆ ಹಂಚಿದ್ದಾರೆ. ಇವರ ಪಾಲಿಗೆ ಬಂದದ್ದು ಎರಡು ಕೋಣೆ, ಒಂದು ಹಾಲ್, ಅಡುಗೆಮನೆ, ಹಿಂದುಗಡೆ ಎಂಟು ಹೆಜ್ಜೆಯ ಅಂಗಳ. ಎರಡು ಕೋಣೆಗಳಲ್ಲಿ ಒಂದನ್ನು ನನಗೇ ಬಿಟ್ಟುಕೊಟ್ಟಿದ್ದಾರೆ. ಎ.ಸಿ. ಕೋಣೆ. ಜೊತೆಗೆ ಇನ್ನೊಬ್ಬರಿದ್ದಾರೆ. ಮಾತು ಕಡಿಮೆ, ಗೊರಕೆ ಇಲ್ಲ, ನನ್ನ ಚಪ್ಪಲಿ ಹಾಕಿಕೊಂಡು ಬಚ್ಚಲಿಗೆ ಹೋಗುವುದಿಲ್ಲ. ನಿಮಗಿಂತ ಎಷ್ಟೋ ವಾಸಿ.

ಅದು ಒಂದು ಚೆರ್ರಿ ಗಿಡ.

ಸುಳ್ಳು ಹೇಳಿ ಏನು ಪ್ರಯೋಜನ, ಇರುವುದನ್ನೇ ಬರೆಯುತ್ತೇನೆ. ನಮ್ಮ ಅಳಿಯ ಇಲ್ಲಿಯ ಹಮದ್ ಎಂಬ ಬಂದರಿನಲ್ಲಿ ಮಾಡುವ ಕೆಲಸ ನಿಮಗೆ ಗೊತ್ತಲ್ಲ. ಹಣ್ಣು, ಮೀನು, ಮಾಂಸ ತುಂಬಿ ಬರುವ ತಂಪು ಕಂಟೇನರುಗಳ ಒಳಗೆ ಚಳಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದು. ಹದಿನಾಲ್ಕು ವರ್ಷಗಳಿಂದ ಅವನ ಕಣ್ಣೆದುರು ಸಾವಿರಾರು ಪೆಟ್ಟಿಗೆ ಚೆರ್ರಿ ಹಾದುಹೋಗಿದೆಯಂತೆ. ಅವನಿಗೆ ಚೆರ್ರಿ ಎಂದರೆ ಒಂದು ನಂಬರು, ಒಂದು ಸೀಲು, ಸೊನ್ನೆಯ ಹತ್ತಿರದ ಒಂದು ಡಿಗ್ರಿ. ಗಿಡದಲ್ಲಿ ಅದು ಹೂ ಬಿಡುವುದನ್ನು ಜೀವಮಾನದಲ್ಲಿ ಒಮ್ಮೆಯಾದರೂ ನೋಡಬೇಕೆಂದು ಮನಸ್ಸಿಗೆ ಹೊಕ್ಕಿತು. ಹಣ್ಣು ಬೇಡವಂತೆ, ಹೂ ನೋಡಿದರೆ ಸಾಕಂತೆ. ಎಲ್ಲಿಂದಲೋ ಸಸಿ ತರಿಸಿ, ದೊಡ್ಡ ಕುಂಡದಲ್ಲಿ ನೆಟ್ಟು, ಮೂರು ವರ್ಷ ಮಗುವಿನಂತೆ ಸಾಕಿದ್ದಾನೆ. ಬೇಸಿಗೆಯ ಬಿಸಿಲು ತಾಗದಂತೆ ಕಾಂಡಕ್ಕೆ ಸುಣ್ಣ ಹಚ್ಚಿದ್ದಾನೆ, ಹಸಿರು ಬಲೆಯ ಚಪ್ಪರ ಹಾಕಿದ್ದಾನೆ, ಬೇರಿನಲ್ಲಿ ನೀರು ನಿಲ್ಲದಂತೆ ಕುಂಡದ ಬುಡದಲ್ಲಿ ಜಲ್ಲಿ ತುಂಬಿದ್ದಾನೆ. ಎಲೆ ಬಂತು, ಎತ್ತರ ಬಂತು, ಹೂ ಮಾತ್ರ ಬರಲಿಲ್ಲ. ಚೆರ್ರಿ ಗಿಡಕ್ಕೆ ಹೂ ಬಿಡಬೇಕಾದರೆ ಮೊದಲು ಒಂದು ಗಟ್ಟಿ ಚಳಿಗಾಲ ಬೇಕಂತೆ. ಎಲೆ ಉದುರಿಸಿ, ಚಳಿಯಲ್ಲಿ ನೂರಾರು ಗಂಟೆ ಮಲಗಿ ಎದ್ದರೆ ಮಾತ್ರ ಅದಕ್ಕೆ ವಸಂತ ಬಂದದ್ದು ಗೊತ್ತಾಗುವುದಂತೆ. ದೋಹಾದಲ್ಲಿ ಜನವರಿಯೆಂದರೆ ನಮ್ಮೂರಿನ ಬೆಳಗಿನ ಜಾವ. ಅಷ್ಟು ಚಳಿ ಅದಕ್ಕೆ ಸಾಲದು.

ಅದಕ್ಕೆ ಡ್ಯಾರೆಲ್ ಈ ಸಲ ಮನೆಯೊಳಗೇ ಚಳಿಗಾಲ ಮಾಡಿದ. ಕ್ರಿಸ್ಮಸ್ ಮುಗಿದ ಮೇಲೆ ಗಿಡದ ಎಲೆಗಳನ್ನೆಲ್ಲ ಒಂದೊಂದಾಗಿ ಕೈಯಿಂದಲೇ ಕಿತ್ತು, ಖಾಲಿ ಕೋಣೆಯೊಳಗೆ ಕುಂಡ ಇಟ್ಟು, ನಡುವೆ ಕೋಲ್ಡ್ ಸ್ಟೋರೇಜಿನಲ್ಲಿ ಇರುವಂತಹ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇಳಿಬಿಟ್ಟ. ಎ.ಸಿ. ಹದಿನಾರು ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲವಂತೆ. ಕೋಣೆ ಇನ್ನೂ ಬಿಸಿಯಾಗಿದೆ ಎಂದು ಆ ಯಂತ್ರಕ್ಕೆ ಸುಳ್ಳು ಹೇಳುವ ಒಂದು ಸಣ್ಣ ಉಪಕರಣ ಜೋಡಿಸಿ, ಪರದೆಯ ಆಚೆ ಎಂಟು ಡಿಗ್ರಿ ಮಾಡಿದ. ನಲವತ್ತೈದು ದಿನ ಹೀಗೆಯೇ ಇರಬೇಕು, ನಡುವೆ ಬಿಸಿ ತಾಗಿದರೆ ಗಿಡ ಹಿಂದಿನ ಚಳಿಯನ್ನೂ ಮರೆತುಬಿಡುತ್ತದೆ ಎಂದು ಟ್ರೀಸಾಗೆ ಹೇಳಿ ಹೇಳಿ ಅವಳ ತಲೆ ತಿಂದಿದ್ದ. ಇದೆಲ್ಲ ಆದ ಮೂರನೆಯ ದಿನ, ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು, ಮುಂಚಿತವಾಗಿ ಸರಿಯಾಗಿ ತಿಳಿಸದೆ, ನಾನು ಬಂದು ಇಳಿದೆ.

ಟ್ರೀಸಾ ಗಿಡವನ್ನು ಹೊರಗೆ ಹಾಕು ಎಂದಳು. ಡ್ಯಾರೆಲ್‌ನ ಮುಖ ನೋಡಬೇಕಿತ್ತು ನೀವು. ಬಾಯಲ್ಲಿ ಆಗಲಿ ಎಂದ, ಕಣ್ಣಲ್ಲಿ ನೀರು ತುಂಬಿಕೊಂಡ. ಗಿಡ ಕಡಿದವನ ಮನೆಯಿಂದ ಬಂದವಳು ನಾನು. ಗಿಡಕ್ಕಾಗಿ ಅಳುವ ಒಬ್ಬ ಗಂಡಸನ್ನು ಎದುರಿಗೇ ಕಂಡಾಗ ನನ್ನ ಹೃದಯ ಕರಗಿತು. ಗಿಡ ಅಲ್ಲೇ ಇರಲಿ, ನಾನು ಪರದೆಯ ಈಚೆ ಮಲಗುತ್ತೇನೆ, ಶಿರ್ವದವಳು ನೋಡದ ಚಳಿಯೇ ಎಂದು ಎದೆ ತಟ್ಟಿ ಹೇಳಿದೆ. ಶಿರ್ವದಲ್ಲಿ ನಾನು ಯಾವ ಚಳಿ ನೋಡಿದ್ದೆನೋ ದೇವರಿಗೇ ಗೊತ್ತು. ಆದರೆ ಹೇಳಿಯಾಗಿತ್ತು. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಒಮ್ಮೆ ಹೇಳಿದ್ದನ್ನು ಹಿಂದೆ ತೆಗೆದುಕೊಂಡ ದಾಖಲೆ ಇಲ್ಲ.

ಮೊದಲ ದಿನವೇ ಗೊತ್ತಾಯಿತು. ಪರದೆಯ ಈಚೆಯೂ ಚಳಿ ಧಾರಾಳವಾಗಿ ಬರುತ್ತಿತ್ತು. ಎರಡು ಕಂಬಳಿ, ಟ್ರೀಸಾಳ ಸ್ವೆಟರ್, ಡ್ಯಾರೆಲ್ ಬಂದರಿನಲ್ಲಿ ತಂಪು ಕೋಣೆಗೆ ಹೋಗುವಾಗ ಹಾಕುವ ಹತ್ತಿ ತುಂಬಿದ ನೀಲಿ ಜಾಕೆಟ್, ಕಾಲಿಗೆ ಎರಡು ಜೊತೆ ಕಾಲುಚೀಲ. ಜಪಸರದ ಮಣಿ ಬೆರಳಿಗೆ ಸಿಗುತ್ತಿರಲಿಲ್ಲ. ಗಲ್ಫಿಗೆ ಹೋದವರು ಸೆಕೆಯಲ್ಲಿ ಬೆಂದರು ಎಂದು ಕೇಳಿದ್ದೆ, ಹಲ್ಲು ಕಟಕಟ ಎಂದವಳು ನಾನೊಬ್ಬಳೇ ಇರಬೇಕು. ಎದುರಿಗೆ ನೋಡಿದರೆ ಒಂದೂ ಎಲೆ ಇಲ್ಲದ ಒಣ ಕೋಲು. ಅದು ಸತ್ತಿದೆ ಎಂದೇ ನನಗೆ ಖಾತ್ರಿಯಾಗಿತ್ತು. ಪಾಪ ಅಳಿಯನಿಗೆ ಹೇಗೆ ಹೇಳುವುದೆಂದು ತಿಳಿಯದೆ ಅದರ ಆತ್ಮಶಾಂತಿಗೆ ಒಂದು ‘ನಮೋ ಮರಿಯೆ’ ಹೇಳಿ ಮಲಗಿದೆ.

ಈಗ ಬರೆಯುವುದನ್ನು ನಿಧಾನವಾಗಿ ಓದಿ. ಓದುವಾಗ ನಗಬೇಡಿ.

ಗಿಡದ ಚಳಿಗಾಲದ ಆರನೆಯ ದಿನದಿಂದ ನಾನು ಎ.ಸಿ. ಆಫ್ ಮಾಡಲು ಶುರು ಮಾಡಿದೆ. ಅವರಿಬ್ಬರೂ ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುತ್ತಾರೆ. ಒಂಬತ್ತಕ್ಕೆ ರಿಮೋಟ್ ಒತ್ತಿ, ಕಿಟಕಿ ತೆರೆದು, ಪರದೆ ಸರಿಸಿ, ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ಹಾಸಿಗೆ ಬೆಚ್ಚಗಾಗುತ್ತಿತ್ತು, ಮೊಣಕಾಲು ಮಾತು ಕೇಳುತ್ತಿತ್ತು. ಗಿಡಕ್ಕೂ ಸ್ವಲ್ಪ ಬಿಸಿಲು ಬೀಳಲಿ ಪಾಪ ಎಂದು ಕುಂಡವನ್ನು ಕಿಟಕಿಯ ಕಡೆಗೆ ತಿರುಗಿಸಿಯೂ ಇಡುತ್ತಿದ್ದೆ. ಮೂರು ಗಂಟೆಗೆ ಎಲ್ಲವನ್ನೂ ಮುಚ್ಚಿ, ಎ.ಸಿ. ಹಾಕಿ, ಕುಂಡ ಮೊದಲಿನಂತೆ ತಿರುಗಿಸಿ, ಜಾಕೆಟ್ ತೊಟ್ಟು, ಡ್ಯಾರೆಲ್ ಬರುವಾಗ ಕೈ ಉಜ್ಜುತ್ತ ಕೂರುತ್ತಿದ್ದೆ. ಅವನು ಬಂದವನೇ ಬಾಗಿಲು ತೆರೆದು, ತಂಪು ಗಾಳಿ ಮುಖಕ್ಕೆ ತಾಗಿದ ಕೂಡಲೇ ಸಂತೋಷದಿಂದ, ‘ಮಾಂಯ್, ನಿಮ್ಮಂಥ ಅತ್ತೆ ಯಾರಿಗೂ ಸಿಗಲಿಕ್ಕಿಲ್ಲ’ ಎನ್ನುತ್ತಿದ್ದ. ಅದಂತೂ ಸತ್ಯವೇ ಆಗಿತ್ತು.

ಶುಕ್ರವಾರ, ಶನಿವಾರ ರಜೆ. ಅವರು ಮನೆಯಲ್ಲೇ ಇರುತ್ತಿದ್ದುದರಿಂದ ಆ ಎರಡು ದಿನ ಮಾತ್ರ ನಾನು ಗಿಡದ ಜೊತೆ ಪ್ರಾಮಾಣಿಕವಾಗಿ ನಡುಗುತ್ತಿದ್ದೆ.

ಕೊಂಬೆಗೆ ಒಂದು ಬಿಳಿ ಡಬ್ಬಿ ಕಟ್ಟಿತ್ತು, ಬೆಂಕಿಪೆಟ್ಟಿಗೆಯಷ್ಟೇ ದೊಡ್ಡದು. ಸೊಳ್ಳೆ ಓಡಿಸುವ ಯಂತ್ರ ಇರಬೇಕೆಂದು ನಾನು ಅದನ್ನು ದಿನಾ ಒರೆಸಿ ಇಡುತ್ತಿದ್ದೆ. ನಲವತ್ತೈದನೆಯ ದಿನ ಡ್ಯಾರೆಲ್ ಅದನ್ನು ಬಿಚ್ಚಿ ತಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಚುಚ್ಚಿದ. ಅದು ಸೊಳ್ಳೆಯದ್ದಲ್ಲ. ಕಂಟೇನರಿನೊಳಗೆ ಎಷ್ಟು ಹೊತ್ತಿಗೆ ಎಷ್ಟು ಚಳಿ ಇತ್ತು ಎಂದು ನಿಮಿಷ ನಿಮಿಷಕ್ಕೂ ಬರೆದಿಡುವ ಯಂತ್ರವಂತೆ. ಹಣ್ಣು ಕೊಳೆತು ಬಂದರೆ ದಾರಿಯಲ್ಲಿ ಯಾರು, ಯಾವಾಗ ಬಾಗಿಲು ತೆರೆದರು ಎಂದು ಅದನ್ನು ನೋಡಿ ಹಿಡಿಯುತ್ತಾರಂತೆ. ಹಾಲಿಗೆ ನೀರು ಬೆರೆಸಿದವರನ್ನು ಲ್ಯಾಕ್ಟೋಮೀಟರ್ ಹಾಕಿ ಮೂವತ್ತೊಂದು ವರ್ಷ ಹಿಡಿದವಳು ನಾನು. ಹಿಡಿಯಲ್ಪಡುವವರ ಕಡೆ ನಿಂತರೆ ಹೇಗಿರುತ್ತದೆ ಎಂದು ಆ ಹೊತ್ತಿನಲ್ಲಿ ಮೊದಲ ಸಲ ತಿಳಿಯಿತು.

ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಗೆರೆ ಬಂತು. ಐದು ದಿನ ನೇರ. ಆಮೇಲೆ ದಿನಕ್ಕೊಂದು ಗುಡ್ಡ. ಒಂಬತ್ತಕ್ಕೆ ಏರುವುದು, ಮೂರಕ್ಕೆ ಇಳಿಯುವುದು. ಐದು ಗುಡ್ಡ, ಎರಡು ದಿನ ಬಯಲು, ಮತ್ತೆ ಐದು ಗುಡ್ಡ, ಮತ್ತೆ ಎರಡು ದಿನ ಬಯಲು. ನಮ್ಮ ಸಂಘದ ಒಂದನೆಯ ತರಗತಿ ಓದಿದ ಸದಸ್ಯನೂ ಅದನ್ನು ನೋಡಿ, ‘ನಿಮ್ಮ ಅತ್ತೆ ಎಲ್ಲಿ?’ ಎಂದು ಕೇಳುತ್ತಿದ್ದ. ಡ್ಯಾರೆಲ್ ಕೇಳಲಿಲ್ಲ. ಅತ್ತೆಯ ಮೇಲೆ ಸಂಶಯ ಪಡುವುದು ಅವನ ಸಂಸ್ಕಾರದಲ್ಲಿಲ್ಲ. ಕೆಲಸದ ದಿನ ಮಾತ್ರ ಎ.ಸಿ. ಕೆಡುತ್ತದೆ ಎಂದರೆ ಮೆಂಟೆನೆನ್ಸಿನವರು ಕೆಲಸದ ಹೊತ್ತಿನಲ್ಲಿ ಕರೆಂಟಿನ ಜೊತೆ ಏನೋ ಆಟ ಆಡುತ್ತಿದ್ದಾರೆ ಎಂದು ತೀರ್ಮಾನಿಸಿದ. ಟ್ರೀಸಾ ನನ್ನ ಮುಖವನ್ನು ಒಮ್ಮೆ ನೋಡಿದಳು. ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ನಿಮ್ಮ ಮಗಳು ಅವಳು, ನಿಮ್ಮಂತೆಯೇ ಎಲ್ಲ ಗೊತ್ತಿದ್ದೂ ಸುಮ್ಮನಿರುತ್ತಾಳೆ.

ಆಗಲೇ ಹೇಳಬಹುದಿತ್ತು. ಹದಿನಾಲ್ಕು ವರ್ಷದ ಆಸೆ, ಮೂರು ವರ್ಷದ ಆರೈಕೆ, ಅದೆಲ್ಲವನ್ನೂ ಮೊಣಕಾಲಿಗಾಗಿ ಹಾಳು ಮಾಡಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಅದೂ, ಗಿಡ ಕಡಿದ ಗಂಡನ ಜೊತೆ ಇರಲಾರೆ ಎಂದು ಬಂದವಳು?

ಭಾನುವಾರ ಸಂಜೆ ಎ.ಸಿ. ರಿಪೇರಿಯವರು ಬಂದರು. ಹೆಸರು ಸಾಬಿತ್, ವಿಟ್ಲದವರು, ವಯಸ್ಸು ನಲವತ್ತರ ಹತ್ತಿರ. ಊರಿನವರು ಎಂದು ತಿಳಿದ ಕೂಡಲೇ ತುಳುವಿನಲ್ಲಿ ಮಾತು ಶುರುವಾಯಿತು, ಚಹಾ ಮಾಡಿ ಕೊಟ್ಟೆ. ಅವರು ಎ.ಸಿ. ಬಿಚ್ಚಿ ನೋಡಿದರು, ಮುಚ್ಚಿದರು, ಮತ್ತೆ ಬಿಚ್ಚಿದರು. ಅದರೊಳಗೆ ಏನೂ ಆಗಿರಲಿಲ್ಲ, ಹೇಗೆ ಆಗುತ್ತದೆ? ಡ್ಯಾರೆಲ್ ಒಪ್ಪಲಿಲ್ಲ. ಯಂತ್ರದ ದಾಖಲೆ ಇದೆ, ಮಷೀನಿನಲ್ಲೇ ದೋಷ ಇದೆ ಎಂದು ಅವರ ಕಂಪೆನಿಗೆ ಆ ಗುಡ್ಡಗಳ ಚಿತ್ರವನ್ನೂ ಸೇರಿಸಿ ದೂರು ಬರೆದ. ಎ.ಸಿ. ಸರಿಯಾದ ಮೇಲೆ ಇನ್ನಷ್ಟು ದಿನ ಚಳಿ ಕೊಟ್ಟು ನೋಡೋಣ ಎಂದು ಗಿಡವನ್ನು ಕೋಣೆಯಲ್ಲೇ ಬಿಟ್ಟ.

ಮಂಗಳವಾರ ಸಾಬಿತ್ ಒಬ್ಬರೇ ಬಂದರು. ಮನೆಯಲ್ಲಿ ನಾನೊಬ್ಬಳೇ. ಹೊರಗೆ ಚೆಂದದ ಬಿಸಿಲು, ನಾನು ಒಳಗೆ ನೀಲಿ ಜಾಕೆಟ್ ಹಾಕಿ ನಿಂತಿದ್ದೆ. ಅವರು ಜಾಕೆಟ್ ನೋಡಿದರು, ಕಾಲುಚೀಲ ನೋಡಿದರು, ತಲೆದಿಂಬಿನ ಪಕ್ಕದಲ್ಲಿದ್ದ ರಿಮೋಟ್ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, ನೆಲ ನೋಡಿಕೊಂಡು ಹೇಳಿದರು: ‘ಬಾಯಮ್ಮ, ಮಿಷನ್‌ಗೆ ಎಂತದೂ ಆಗ್ಲಿಲ್ಲ. ಆಫ್ ಮಾಡಿದ್ರೆ ಅದಾದ್ರೂ ಎಂತ ಮಾಡ್ತದೆ ಪಾಪ. ನಾನು ಯಾರ ಹತ್ರವೂ ಹೇಳುದಿಲ್ಲ. ಆದ್ರೆ ಸೂಪರ್‌ವೈಸರ್ ನನ್ನ ರಜೆ ಖಲಾಸ್ ಅಂತ ಹೇಳಿದ್ದಾರೆ.’ ಎರಡು ವರ್ಷದ ಮೇಲೆ ಊರಿಗೆ ಹೊರಟಿದ್ದರಂತೆ, ಟಿಕೆಟ್ ಆಗಿತ್ತಂತೆ. ಮೂರನೆಯ ಮಗಳು ನಹ್ಲಾ ಹುಟ್ಟಿ ಎಂಟು ತಿಂಗಳಾಗಿದೆ, ಫೋನಿನಲ್ಲಿ ಬಿಟ್ಟರೆ ಅವಳನ್ನು ನೋಡಿಯೇ ಇಲ್ಲ. ದೂರು ಬಗೆಹರಿಯುವ ತನಕ ರಜೆ ಇಲ್ಲ ಎಂದು ಕಂಪೆನಿಯವರು ತಡೆದಿದ್ದರು.

ಫೋಟೋ ತೋರಿಸಿದರು. ಮಗುವಿಗೆ ಎರಡು ಹಲ್ಲು ಬಂದಿದೆ.

ಆಲ್ಬರ್ಟ್, ಸಂಘದಲ್ಲಿ ಒಬ್ಬರಾದರೂ ನನ್ನನ್ನು ತಪ್ಪಿತಸ್ಥೆ ಎಂದವರಿಲ್ಲ. ಹಾಲು ತೆಳ್ಳಗಿದ್ದರೆ ದನ ನೀರು ಜಾಸ್ತಿ ಕುಡಿಯಿತು, ಬರುವಾಗ ಮಳೆ ಬಂದು ಕ್ಯಾನಿಗೆ ಬಿತ್ತು ಎಂದವರನ್ನೆಲ್ಲ ಎಲ್ಲರೆದುರು ನಿಲ್ಲಿಸಿ ಬೈದವಳು ನಾನು. ಈಗ ನನ್ನದೇ ತಲೆಯಲ್ಲಿ ಅಂಥವೇ ಕಾರಣಗಳು ಸಾಲು ಕಟ್ಟಿ ನಿಂತವು. ರಿಮೋಟ್ ಕೈತಪ್ಪಿ ಒತ್ತಿಹೋಯಿತು ಎನ್ನಲೇ? ಇಪ್ಪತ್ತೊಂಬತ್ತು ದಿನವೂ ಕೈತಪ್ಪಿತೇ? ವಯಸ್ಸಾಯಿತು, ಮರೆವು ಎನ್ನಲೇ? ಹಾಗೆಂದರೆ ಟ್ರೀಸಾ ಆ ದಿನವೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತಾಳೆ.

ಕೊನೆಗೆ ದೇವರ ಜೊತೆ ಮೊದಲು ಮುಗಿಸಿಬಿಡೋಣ, ಆಮೇಲೆ ಅಳಿಯನಿಗೆ ಹೇಳುವ ಅಗತ್ಯವೇ ಬೀಳಲಿಕ್ಕಿಲ್ಲ ಎಂದು ಉಪಾಯ ಮಾಡಿದೆ. ನಿನ್ನೆ ಶುಕ್ರವಾರ. ಇಲ್ಲಿ ಪೂಜೆಗೆ ಎಲ್ಲರೂ ಹೋಗುವುದು ಶುಕ್ರವಾರವೇ, ಚರ್ಚ್ ನಮ್ಮ ಮನೆಯಿಂದ ಬಹಳ ದೂರವೇನಿಲ್ಲ. ಪೂಜೆಗೆ ಮೊದಲು ಪಾಪನಿವೇದನೆಗೆ ಸಾಲಿನಲ್ಲಿ ನಿಂತೆ. ಕೊಂಕಣಿ ಬಲ್ಲ ಫಾದರ್ ಸಿಗಲಿಲ್ಲ, ಸಿಕ್ಕಿದವರು ಬೇರೆ ದೇಶದವರು, ಇಂಗ್ಲಿಷ್ ಮಾತ್ರ. ನಿಮಗೆ ನನ್ನ ಇಂಗ್ಲಿಷ್ ಗೊತ್ತಲ್ಲ, ಡೈರಿಗೆ ಕಳಿಸುವ ವರದಿಯಷ್ಟೇ. ನನ್ನ ಮಲಗುವ ಕೋಣೆಯಲ್ಲಿ ಮಗಳ ಗಂಡನ ಗಿಡ ಇದೆ, ಅದನ್ನು ಚಳಿಯಲ್ಲಿ ಮಲಗಿಸಬೇಕು, ನಾನು ಅವನಿಲ್ಲದ ಹೊತ್ತು ನೋಡಿ ದಿನಾ ಬಿಸಿ ಮಾಡಿದೆ ಎಂದೆ. ಫಾದರ್ ಬಹಳ ಮೆಲ್ಲಗೆ, ಇದು ಎಷ್ಟು ಸಮಯದಿಂದ ನಡೆಯುತ್ತಿದೆ, ಮಗಳಿಗೆ ಗೊತ್ತೇ ಎಂದು ಕೇಳಿದರು. ಗಿಡ ಚೆರ್ರಿಯದ್ದು, ಕುಂಡದಲ್ಲಿದೆ, ಎ.ಸಿ. ರಿಮೋಟಿನದ್ದು ಎಂದು ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕಾಯಿತು. ನನ್ನ ಹಿಂದೆ ಸಾಲಿನಲ್ಲಿ ಇದ್ದವರು ನನ್ನನ್ನು ಮಹಾಪಾಪಿ ಎಂದುಕೊಂಡಿರಬೇಕು, ಅಷ್ಟು ಹೊತ್ತಾಯಿತು.

ಅರ್ಥವಾದ ಮೇಲೆ ಫಾದರ್ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು. ಪ್ರಾಯಶ್ಚಿತ್ತಕ್ಕೆ ಹತ್ತು ‘ನಮೋ ಮರಿಯೆ’ ಕೊಡುತ್ತಾರೆ, ಅಲ್ಲೇ ಮಂಡಿಯೂರಿ ಮುಗಿಸಿ ಬರೋಣ ಎಂದು ಕಾದಿದ್ದೆ. ಅವರು ಒಂದೂ ಕೊಡಲಿಲ್ಲ. ಗಿಡ ದೇವರದ್ದು, ಆದರೆ ಎ.ಸಿ. ನಿನ್ನ ಅಳಿಯನದ್ದು, ರಜೆ ಆ ಕೆಲಸಗಾರನದ್ದು, ಅವರ ಪರವಾಗಿ ನಾನು ಕ್ಷಮಿಸಲು ಬರುವುದಿಲ್ಲ, ಇವತ್ತು ಮಧ್ಯಾಹ್ನದ ಊಟಕ್ಕೆ ಮೊದಲು ಹೋಗಿ ಹೇಳು ಎಂದರು. ಊಟಕ್ಕೆ ಮೊದಲು ಎಂದು ಎರಡು ಸಲ ಒತ್ತಿ ಹೇಳಿದರು. ಮುಖ ನೋಡಿಯೇ ಜನರ ದೌರ್ಬಲ್ಯ ಹಿಡಿಯುತ್ತಾರೆ ಈ ಫಾದರ್‌ಗಳು.

ನಿನ್ನೆ ಟ್ರೀಸಾ ಇಡ್ಲಿಗಿಂತ ಮೆತ್ತಗಿನ ಸಣ್ಣಾ ಮಾಡಿದ್ದಳು, ಕೋಳಿ ಸಾರು ಮಾಡಿದ್ದಳು. ಸಣ್ಣಾ ಹಬೆಯಲ್ಲಿ ಬೇಯುವ ಪರಿಮಳ ಕೋಣೆಯ ತನಕ ಬರುತ್ತಿತ್ತು. ನಾನು ಪರದೆಯ ಈಚೆ ಕುಳಿತು ಒಂದು ಗಂಟೆ ತಡ ಮಾಡಿದೆ. ಎರಡು ಸಲ ಕರೆದರು, ಹಸಿವಿಲ್ಲ ಎಂದೆ. ಮೂರನೆಯ ಸಲ ಡ್ಯಾರೆಲ್‌ನೇ ಬಾಗಿಲ ಹತ್ತಿರ ಬಂದು, ‘ಮಾಂಯ್, ತಣ್ಣಗಾಗ್ತದೆ’ ಎಂದ. ಹೊಟ್ಟೆ ತಾಳ ಹಾಕುತ್ತಿತ್ತು. ಎದ್ದು ನಿಂತು, ಅವನ ಜಾಕೆಟನ್ನು ಬಿಚ್ಚಿ ಅವನ ಕೈಗೇ ಕೊಟ್ಟು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಒಂಬತ್ತರಿಂದ ಮೂರು, ಭಾನುವಾರದಿಂದ ಗುರುವಾರ, ಕಿಟಕಿ, ಪರದೆ, ಕುಂಡ ತಿರುಗಿಸಿದ್ದು. ಕೊನೆಗೆ ‘ತಪ್ಪಾಯಿತು’ ಎಂದೆ. ಆ ಶಬ್ದ ಹೊರಗೆ ಬರುವಾಗ ಗಂಟಲು ಕೆರೆದುಕೊಂಡೇ ಬಂತು, ಅಭ್ಯಾಸ ಇಲ್ಲ ನೋಡಿ.

ಅವನು ಜಾಕೆಟ್ ಹಿಡಿದುಕೊಂಡು ನಿಂತಲ್ಲೇ ನಿಂತ. ಗಿಡವನ್ನು ನೋಡಿದ. ಮುಖ ಸಣ್ಣದಾಯಿತು. ಆ ಹೊತ್ತಿನಲ್ಲಿ ಅವನು ಬೈದಿದ್ದರೂ ಚೆನ್ನಾಗಿತ್ತು. ಮೆಲ್ಲಗೆ ಹಾಸಿಗೆಯ ತುದಿಯಲ್ಲಿ ಕುಳಿತುಕೊಂಡು, ಈ ವರ್ಷ ಇನ್ನು ಹೂ ಬರುವುದಿಲ್ಲ ಎಂದ. ನಾನು ಅತ್ತೆ. ಹೌದು, ಅತ್ತೆ. ನೀವು ನನ್ನನ್ನು ಅಳುವಾಗ ನೋಡಿದ್ದು ಟ್ರೀಸಾಳ ಮದುವೆಯ ದಿನ ಮಾತ್ರ, ಈಗ ಲೆಕ್ಕಕ್ಕೆ ಇನ್ನೊಂದು ಸೇರಿಸಿಕೊಳ್ಳಿ.

ಆಮೇಲೆ ಆದದ್ದನ್ನು ನೀವು ನಂಬಲಿಕ್ಕಿಲ್ಲ. ಡ್ಯಾರೆಲ್ ತಲೆ ಎತ್ತಿ ನನ್ನನ್ನು ವಿಚಿತ್ರವಾಗಿ ನೋಡಿದ. ಬಂದರಿನಲ್ಲಿ ಸರಕು ಕೆಟ್ಟು ಬಂದಾಗ ಒಂದು ಫಾರ್ಮ್ ತುಂಬಬೇಕಂತೆ, ಬಾಗಿಲು ತೆರೆದವರು ಯಾರು ಎಂದು ಅದರಲ್ಲಿ ಒಂದು ಕಾಲಂ ಇದೆಯಂತೆ. ಲಾರಿಯವರು ಬಂದರಿನವರು ಎನ್ನುತ್ತಾರೆ, ಬಂದರಿನವರು ಹಡಗಿನವರು ಎನ್ನುತ್ತಾರೆ, ಹಡಗಿನವರು ಹವಾಮಾನ ಎನ್ನುತ್ತಾರೆ. ಹದಿನಾಲ್ಕು ವರ್ಷದಲ್ಲಿ ಒಬ್ಬನೇ ಒಬ್ಬ ಮನುಷ್ಯ ‘ನಾನು’ ಎಂದು ಬರೆದದ್ದಿಲ್ಲವಂತೆ. ‘ಮಾಂಯ್, ನೀವೇ ಫಸ್ಟ್’ ಎಂದು ಎದ್ದು ಬಂದು ನನ್ನ ಕೈ ಕುಲುಕಿದ. ಕಣ್ಣಲ್ಲಿ ನೀರಿತ್ತು, ಆದರೂ ನಗುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಟ್ರೀಸಾ, ಅಂತೂ ಮಮ್ಮಿಯ ಬಾಯಿಂದ ಆ ಶಬ್ದ ಕೇಳಿದೆ, ಇನ್ನು ಊಟ ಮಾಡೋಣ ಎಂದಳು. ನಾನು ಒಂಬತ್ತು ಸಣ್ಣಾ ತಿಂದೆ.

ಊಟದ ಕೈ ಒಣಗುವ ಮೊದಲೇ ಡ್ಯಾರೆಲ್ ಸಾಬಿತ್ ಅವರ ಸೂಪರ್‌ವೈಸರಿಗೆ ಫೋನು ಮಾಡಿ, ದೋಷ ನಮ್ಮ ಮನೆಯದ್ದೇ, ನಿಮ್ಮ ಮನುಷ್ಯನದ್ದು ಏನೂ ಇಲ್ಲ ಎಂದು ಹೇಳಿ ದೂರು ಹಿಂದೆ ಪಡೆದ. ರಜೆ ಮತ್ತೆ ಮಂಜೂರಾಗಿದೆ. ಸಂಜೆ ನಾನೇ ಅವನ ಜೊತೆ ಹೋಗಿ ಸಾಬಿತ್ ಅವರ ಎದುರಿಗೂ ಆ ಶಬ್ದ ಹೇಳಿ ಬಂದೆ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಅವರು ಸೋಮವಾರ ಹೊರಡುತ್ತಾರೆ. ಈ ಪತ್ರ ಅವರ ಕೈಯಲ್ಲೇ ಬರುತ್ತಿದೆ, ಮಂಗಳೂರಿನಲ್ಲಿ ಇಳಿದು ಅಂಚೆಗೆ ಹಾಕುತ್ತಾರೆ. ನಹ್ಲಾಳಿಗೆಂದು ನಾನು ಒಂದು ಉಲ್ಲನ್ ಟೊಪ್ಪಿ ಹೆಣೆದು ಕೊಟ್ಟಿದ್ದೇನೆ. ಪರದೆಯ ಈಚೆ ಕುಳಿತು ನನಗಾಗಿಯೇ ಶುರು ಮಾಡಿದ್ದು, ಉಲ್ಲನ್ ಸಾಲದೆ ಮಗುವಿನ ಅಳತೆಗೆ ನಿಂತಿತು.

ಇವತ್ತು ಬೆಳಿಗ್ಗೆ ಡ್ಯಾರೆಲ್ ಪ್ಲಾಸ್ಟಿಕ್ ಪರದೆ ಬಿಚ್ಚಿದ. ಗಿಡವನ್ನು ಇಬ್ಬರೂ ಸೇರಿ ಅಂಗಳಕ್ಕೆ ತಂದು ಬಸಳೆಯ ಚಪ್ಪರದ ಪಕ್ಕದಲ್ಲಿ ಇಟ್ಟೆವು. ಅವನು ಉಗುರಿನಿಂದ ಕೊಂಬೆಯನ್ನು ಸ್ವಲ್ಪ ಕೆರೆದು ಒಳಗಿನ ಹಸಿರು ತೋರಿಸಿದ. ಸತ್ತಿಲ್ಲ, ಎಲೆ ಬರುತ್ತದೆ. ಮುಂದಿನ ವರ್ಷ ಮತ್ತೆ ಚಳಿಗಾಲ ಮಾಡುತ್ತಾನಂತೆ. ನನ್ನನ್ನು ಮತ್ತೆ ಬನ್ನಿ ಎಂದು ಮನಸಾರೆ ಕರೆದಿದ್ದಾನೆ, ಆದರೆ ಜುಲೈ ತಿಂಗಳಲ್ಲಿ. ಹೂ ನೋಡಲು ಇನ್ನೂ ಒಂದು ವರ್ಷ ಕಾಯುತ್ತೇನೆ ಎಂದು ಅಷ್ಟು ಸುಲಭವಾಗಿ ಹೇಳುವ ಮನುಷ್ಯನನ್ನು ನಮ್ಮ ಮಗಳು ಆರಿಸಿಕೊಂಡಿದ್ದಾಳೆ. ಮದುವೆಗೆ ಮೊದಲು ನೀವು ಅವನು ಒಳ್ಳೆಯವನು ಎಂದಾಗ ನಾನು ಮೂಗು ಮುರಿದಿದ್ದೆ. ಅದೊಂದು ವಿಷಯದಲ್ಲಿ ನಿಮ್ಮ ಮಾತು ಸರಿಯಾಗಿತ್ತು.

ನಮ್ಮ ಕರಂಡೆಯ ವಿಷಯ ಅವನಿಗೆ ಹೇಳಿದೆ. ಟ್ರೀಸಾ ಹುಟ್ಟಿದ ವರ್ಷ ನೆಟ್ಟದ್ದು, ಮುಳ್ಳಿಗೆ ಕೈಯೊಡ್ಡಿ ಕಾಯಿ ಕೊಯ್ದದ್ದು, ಕ್ರಿಸ್ಮಸ್ ಬಂದಾಗ ಬೀಜ ತೆಗೆದು, ಕೆಂಪು ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಕುದಿಸಿ ಕೇಕಿನ ಮೇಲೆ ಇಡುತ್ತಿದ್ದದ್ದು. ನಮ್ಮ ಕಡೆಯ ಬೇಕರಿಗಳಲ್ಲೂ ಚೆರ್ರಿ ಎಂದು ಇಡುವುದು ಹೆಚ್ಚಾಗಿ ಅದನ್ನೇ ಅಲ್ಲವೇ. ಡ್ಯಾರೆಲ್ ಬಾಯಿ ತೆರೆದು ಕೇಳಿದ. ಹಾಗಾದರೆ ಚಿಕ್ಕಂದಿನಲ್ಲಿ ನಾನು ತಿಂದ ಚೆರ್ರಿಯೆಲ್ಲ ಕರಂಡೆಯೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆ ಗಿಡಕ್ಕೆ ಎಷ್ಟು ಗಂಟೆ ಚಳಿ ಬೇಕು ಎಂದ. ಏನೂ ಬೇಡ, ಯಾರೂ ಬಂದು ಕೀಳದಿದ್ದರೆ ಸಾಕು ಎಂದೆ.

ನನ್ನ ವೀಸಾ ಮುಗಿಯುತ್ತಿದೆ. ಮಾರ್ಚ್ ನಾಲ್ಕು, ಮಂಗಳವಾರ, ಮಧ್ಯಾಹ್ನ ಎರಡಕ್ಕೆ ಮಂಗಳೂರಿಗೆ ಬಂದು ಇಳಿಯುತ್ತೇನೆ. ಮರುದಿನ ವಿಭೂತಿ ಬುಧವಾರ. ಉಪವಾಸದ ದಿನಗಳು ಶುರುವಾಗುವ ಹೊತ್ತಿಗೆ ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಂಡಿರಬಾರದು. ಆದ್ದರಿಂದ ತಮ್ಮ ಅವಗಾಹನೆಗೆ ತರುವುದೇನೆಂದರೆ, ಬಹಳ ಯೋಚಿಸಿ, ದೊಡ್ಡ ಮನಸ್ಸು ಮಾಡಿ, ಕರಂಡೆ ಪೊದೆಗಳ ವಿಷಯದಲ್ಲಿ ನಾನು ನಿಮ್ಮನ್ನು ಪೂರ್ತಿಯಾಗಿ ಕ್ಷಮಿಸಿದ್ದೇನೆ. ನೀವು ತಪ್ಪಾಯಿತು ಎಂದು ಹೇಳುವ ಅಗತ್ಯವೂ ಇಲ್ಲ. ಬಿ.ಪಿ. ಮಾತ್ರೆ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಬಿಸ್ಕತ್ತು ತಿಂದು ಮಾತ್ರೆ ಬಿಟ್ಟಿದ್ದೀರೆಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಹಾಲು ಸಂಘದಿಂದಲೇ ತರಿಸಿ, ಪ್ಯಾಕೆಟ್ ಬೇಡ.

ಎರಡು ತಿಂಗಳಾಯಿತು ನಿಮ್ಮ ಧ್ವನಿ ಕೇಳಿ. ಟ್ರೀಸಾ ನಿಮ್ಮ ಜೊತೆ ಫೋನಿನಲ್ಲಿ ಮಾತಾಡುವಾಗ ನಾನು ಪಕ್ಕದ ಕೋಣೆಯಲ್ಲಿ ಎ.ಸಿ. ಆಫ್ ಮಾಡಿ ಕೇಳುತ್ತಿದ್ದೆ, ಅದು ಓಡುತ್ತಿದ್ದರೆ ಅದರ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಗಿಡದ ಚಳಿ ಸ್ವಲ್ಪ ಆ ಲೆಕ್ಕದಲ್ಲಿಯೂ ಹೋಯಿತು.

ಇಂತು,
ನಿಮ್ಮ ಪ್ರೀತಿಯ (ಬರೆದೇಬಿಟ್ಟೆ, ಹೊಡೆದು ಹಾಕುವುದಿಲ್ಲ)
ಅಪೊಲೋನಿಯಾ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಡಿಸೆಂಬರ್ ಹದಿನೇಳರ ಸಂಜೆ ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಾರು ಒಳಗೆ ಬರುವುದಿಲ್ಲ, ನಾಳೆ ಜೆಸಿಬಿಯವನು ಈ ಕಡೆ ಬರುತ್ತಾನೆ, ಕರಂಡೆ ತೆಗೆಸಲೇ ಎಂದು ನನ್ನನ್ನು ಕೇಳಿದ್ದಿರಿ. ನಾನು ಕ್ರಿಸ್ಮಸ್ ತಿಂಡಿಗೆಂದು ನೆವ್ರಿ ಕರಿಯುತ್ತಿದ್ದೆ. ಎಣ್ಣೆ ಕಾದು ಹೊಗೆ ಬರುತ್ತಿತ್ತು. ನೀವು ಹೇಳಿದ್ದು ಅರ್ಧ ಕಿವಿಗೆ ಬಿದ್ದಿತ್ತು, ನಾನು ‘ಹೂಂ, ಮಾಡಿ’ ಎಂದಿದ್ದೆ. ಅದು ನನಗೆ ನೆನಪಾದದ್ದು ಮೂರನೆಯ ದಿನ. ಅಷ್ಟರೊಳಗೆ ವಾರ್ಡಿನವರಿಗೆಲ್ಲ ನಿಮ್ಮನ್ನು ದೂರಿ ಆಗಿತ್ತು, ನಿಮ್ಮ ತಂಗಿ ರೆಜಿನಾ ನನ್ನ ಪರವಾಗಿ ನಿಮಗೆ ಬೈದೂ ಆಗಿತ್ತು. ನೀವು ಒಂದು ಸಲವೂ ‘ನೀನೇ ಹೂಂ ಎಂದೆಯಲ್ಲ’ ಎಂದು ಬಾಯಿ ಬಿಡಲಿಲ್ಲ. ಅದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ನಿಮ್ಮ ಮುಖ ನೋಡಲು ಆಗದೆಯೇ ನಾನು ಕತಾರಿಗೆ ಬಂದದ್ದು. ತಪ್ಪಾಯಿತು, ಆಲ್ಬರ್ಟ್. ವಿಮಾನ ನಿಲ್ದಾಣಕ್ಕೆ ಬನ್ನಿ, ಆದರೆ ನಗುತ್ತ ನಿಲ್ಲಬೇಡಿ. ಅಲ್ಲಿ ನಮ್ಮೂರಿನವರು ತುಂಬ ಇರುತ್ತಾರೆ.